ಒದ್ದೆ ಬಾಯಲ್ಲಿ ಅಂಟು ನಿಂತ ಕಥೆ

ಆರನೇ ವಯಸ್ಸಿನ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಮೂಡುವ ಮೊದಲ ಕಾಯಂ ದವಡೆಹಲ್ಲಿನ ನೆತ್ತಿಯ ತುಂಬ ಸೀಳುಗಳು. ಕೆಲವಂತೂ ಬ್ರಷ್ಷಿನ ಒಂದೆಳೆಯೂ ಇಳಿಯದಷ್ಟು ಕಿರಿದು. ಹುಳುಕು ಬೀಡುಬಿಡುವುದು ಅಲ್ಲೇ. 1923ರಲ್ಲಿ ಅಮೆರಿಕದ ದಂತವೈದ್ಯ ಹಯಾಟ್ ಇದಕ್ಕೊಂದು ಉಪಾಯ ಹೇಳಿದರು: ಹುಳುಕು ಹಿಡಿಯುವ ಮೊದಲೇ ಸೀಳನ್ನು ಕೊರೆದು ತುಂಬಿಬಿಡುವುದು. ಕಳ್ಳ ಬಂದಾನೆಂದು ನಾವೇ ಬಾಗಿಲು ಮುರಿದಿಟ್ಟ ಹಾಗೆ!

ಕೊರೆಯದೆ ಮುಚ್ಚೋಣವೆಂದರೆ ನುಣುಪಾದ ಎನಾಮಲ್‌ಗೆ ಯಾವುದೂ ಅಂಟುತ್ತಿರಲಿಲ್ಲ. ದಾರಿ ತೋರಿದವರು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿದ್ದ ದಂತವೈದ್ಯ ಮೈಕೆಲ್ ಬ್ಯುನೊಕೋರ್. ಕಾರ್ಖಾನೆಗಳಲ್ಲಿ ಲೋಹಕ್ಕೆ ಬಣ್ಣ ಗಟ್ಟಿಯಾಗಿ ಹಿಡಿಯಲೆಂದು ಫಾಸ್ಫಾರಿಕ್ ಆಮ್ಲ ಸವರುತ್ತಿದ್ದರು. ಹಲ್ಲಿಗೂ ಅದನ್ನೇಕೆ ಸವರಬಾರದು? ಶೇ 85ರಷ್ಟು ಸಾಂದ್ರ ಆಮ್ಲವನ್ನು 30 ಸೆಕೆಂಡು ಇಟ್ಟು ತೊಳೆದರೆ ಅಕ್ರಿಲಿಕ್ ರೆಸಿನ್ ಹೆಚ್ಚು ಕಾಲ ಕಚ್ಚಿಕೊಳ್ಳುತ್ತದೆಂದು 1955ರಲ್ಲಿ ಅವರು ಪ್ರಕಟಿಸಿದರು. ಆಮ್ಲ ಎನಾಮಲ್‌ನಲ್ಲಿ ಕಣ್ಣಿಗೆ ಕಾಣದ ರಂಧ್ರ ಕೊರೆಯುತ್ತದೆ. ದ್ರವರೂಪದ ರೆಸಿನ್ ಅದರೊಳಗೆ ಇಳಿದು, ಗಟ್ಟಿಯಾಗಿ ಬೇರು ಬಿಡುತ್ತದೆ. ಇಂದಿನ ಆಮ್ಲ ಸುಮಾರು ಶೇ 37ರದ್ದು. ತತ್ವ ಅದೇ.

ಬೇರಿಗೆ ತಕ್ಕ ರೆಸಿನ್ ಸಿಗುವುದು ತಡವಾಯಿತು. 1967ರಲ್ಲಿ ಸಂಶೋಧಕ ಕ್ವೇಟೊ ಜತೆ ಬ್ಯುನೊಕೋರ್ ಬಳಸಿದ ಸಯನೊಅಕ್ರಿಲೇಟ್ ಅಂಟು ಬಾಯಲ್ಲಿ ಬಾಳಲಿಲ್ಲ. ಮುಂದೆ ಕೈಹಿಡಿದದ್ದು ಸಂಶೋಧಕ ರಾಫೆಲ್ ಬೊವೆನ್ ರೂಪಿಸಿದ್ದ ಬಿಸ್-ಜಿಎಂಎ ರೆಸಿನ್. 1970ರ ದಶಕದ ಆರಂಭದಲ್ಲಿ ನೇರಳಾತೀತ ಬೆಳಕಿಗೆ ಗಟ್ಟಿಯಾಗುವ ಸೀಲೆಂಟ್, ಅಂದರೆ ಸೀಳು ಮುಚ್ಚುವ ಲೇಪ, ಮಾರುಕಟ್ಟೆಗೆ ಬಂತು.

ಎಷ್ಟು ಬಾಳಿಕೆ? ಒಮ್ಮೆ ಮಾತ್ರ ಸೀಲೆಂಟ್ ಹಚ್ಚಿದ್ದ ಮಕ್ಕಳನ್ನು ಸಂಶೋಧಕ ಸೈಮನ್‌ಸೆನ್ 15 ವರ್ಷಗಳ ಬಳಿಕ ಪರೀಕ್ಷಿಸಿದಾಗ, ಮೊದಲ ಕಾಯಂ ದವಡೆಹಲ್ಲುಗಳಲ್ಲಿ ಶೇ 27.6ರಷ್ಟರಲ್ಲಿ ಅದು ಪೂರ್ತಿ ಉಳಿದಿತ್ತು, ಶೇ 35.4ರಷ್ಟರಲ್ಲಿ ಅರೆಬರೆ. ಕೊರೆಯದೆ ಹಚ್ಚಿದ ಲೇಪಕ್ಕೆ ಇದು ಸಣ್ಣ ಸಾಧನೆಯಲ್ಲ.

ಬಿದ್ದುಹೋದವುಗಳ ವಿಷಯದಲ್ಲಿ ಮುಖ್ಯ ಆರೋಪಿ ಎಂಜಲು. ಆಮ್ಲ ತೊಳೆದ ಹಲ್ಲಿಗೆ ಅದು ಕ್ಷಣಕಾಲ ತಾಗಿದರೂ ರಂಧ್ರಗಳು ಮುಚ್ಚಿ, ಮತ್ತೆ ಆಮ್ಲ ಹಚ್ಚಬೇಕಾಗುತ್ತದೆ. ಹಿಂದಿನ ಹಲ್ಲು, ಚಡಪಡಿಸುವ ಮಗು: ವೈದ್ಯರ ಕಷ್ಟ ಊಹಿಸಬಹುದು. ಹಾಗಾಗಿ ಸೀಲೆಂಟ್‌ನ ಕೆಳಗೆ ತೆಳ್ಳನೆಯ ಬಾಂಡಿಂಗ್ ದ್ರವ ಹಚ್ಚುವ ಕ್ರಮ ಬಂತು. ತೇವವಿದ್ದರೂ ಇದು ರೆಸಿನ್‌ಗೆ ಒಳಹೊಗಲು ನೆರವಾಗುತ್ತದೆ. ಆಮೇಲೆ ಆಮ್ಲವನ್ನೂ ಬಾಂಡಿಂಗನ್ನೂ ಒಂದೇ ಸೀಸೆಗಿಳಿಸಿ, ತೊಳೆಯುವ ಗೋಜೇ ಇಲ್ಲವೆಂದರು. ಸಮಯವೇನೋ ಉಳಿಯಿತು, ಸೀಲೆಂಟ್ ಉಳಿಯಲಿಲ್ಲ. ಆ ಸೌಮ್ಯ ಆಮ್ಲ ಕೊರೆಯುವ ರಂಧ್ರ ಆಳವಿಲ್ಲ. ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದವರು ವಾಲಿದ್ದು ತೊಳೆಯುವ ಹಳೆಯ ವಿಧಾನದ ಕಡೆಗೇ. ತೇವ ಸಹಿಸುವ, ಗ್ಲಾಸ್ ಅಯೊನೊಮರ್ ಎಂಬ ಬೇರೆ ಬಗೆಯ ಲೇಪ ಕೂಡ ಬೇಗ ಉದುರುತ್ತದೆ. ಹಲ್ಲು ಪೂರ್ತಿ ಮೂಡುವ ತನಕದ ಕಾವಲಿಗೆ ಅದು ಸಾಕು.

ಮಗುವಿಗೆ ಸೀಲೆಂಟ್ ಹಾಕಿಸುವವರು ಯಾವ ಕಂಪನಿಯದೆಂದು ಕೇಳುವ ಬದಲು, ಹಲ್ಲನ್ನು ಒಣಗಿಡಲು ಏನು ಮಾಡುತ್ತೀರಿ ಎಂದು ಕೇಳಿ. ಪ್ರತಿ ತಪಾಸಣೆಯಲ್ಲೂ ಸೀಲೆಂಟ್ ಎದ್ದಿದೆಯೇ ಎಂದು ನೋಡಿಸಿ. ಎದ್ದಿದ್ದರೆ ಮತ್ತೆ ಹಚ್ಚಿಸಿ.