ಗುಳವಾದ ಕತ್ತಿ, ಕತ್ತಿಯಾದ ಗುಳ

ಜನ ಕತ್ತಿಗಳನ್ನು ಬಡಿದು ನೇಗಿಲ ಗುಳ ಮಾಡಿಕೊಳ್ಳುವ ದಿನವನ್ನು ಬೈಬಲಿನ ಪ್ರವಾದಿಗಳಾದ ಯೆಶಾಯ, ಮೀಕ ಇಬ್ಬರೂ ಕಂಡರು. ಇನ್ನೊಬ್ಬ ಪ್ರವಾದಿ ಯೋವೇಲ ಅದನ್ನೇ ತಿರುವುಮುರುವು ಮಾಡಿ, ಗುಳ ಬಡಿದು ಕತ್ತಿ ಮಾಡಿಕೊಳ್ಳಿ ಎಂದ. ಮೂವರೂ ಒಂದೇ ರಟ್ಟಿನೊಳಗೆ ಇದ್ದಾರೆ. ಈ ಒಳಜಗಳ ಕಿವಿಗೆ ಬೀಳದಿದ್ದಾಗ ಹುಟ್ಟುವ ಕಲ್ಪನೆಗಳು ಹಲವು.

ತಪ್ಪು ಕಲ್ಪನೆ: ಹಳೇ ಒಡಂಬಡಿಕೆಯ ದೇವರು ಕೋಪಿಷ್ಠ, ಹೊಸದರ ದೇವರು ಕರುಣಾಳು.

ವಾಸ್ತವ: ಎರಡನೇ ಶತಮಾನದಲ್ಲಿ ಮಾರ್ಸಿಯನ್ ಎಂಬ ಕ್ರೈಸ್ತ ಬೋಧಕ ಹೀಗೇ ವಾದಿಸಿ ಹಳೇ ಒಡಂಬಡಿಕೆಯನ್ನೇ ಕೈಬಿಡಲು ಹೊರಟ; ರೋಮಿನ ಸಭೆ ಅವನನ್ನೇ ಹೊರಹಾಕಿತು. ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬ ವಿಧಿ ಇರುವುದು ಹಳೇ ಒಡಂಬಡಿಕೆಯ ಯಾಜಕಕಾಂಡದ 19ನೇ ಅಧ್ಯಾಯದಲ್ಲಿ. ಹಸಿದ ವೈರಿಗೆ ಊಟವಿಕ್ಕಬೇಕೆಂಬ ಅಪೊಸ್ತಲ ಪೌಲನ ಬುದ್ಧಿಮಾತೂ ಹಳೇ ಒಡಂಬಡಿಕೆಯ ಜ್ಞಾನೋಕ್ತಿಗಳಿಂದ ಎತ್ತಿಕೊಂಡದ್ದು. ಕುದುರೆಯ ಕಡಿವಾಣದೆತ್ತರಕ್ಕೆ ರಕ್ತ ಹರಿಯುವುದು ಮಾತ್ರ ಹೊಸ ಒಡಂಬಡಿಕೆಯಲ್ಲಿ, ಪ್ರಕಟನೆಯ ಪುಸ್ತಕದಲ್ಲಿ.

ತಪ್ಪು ಕಲ್ಪನೆ: ಕಣ್ಣಿಗೆ ಕಣ್ಣು ಎಂಬುದು ಸೇಡಿಗೆ ಕೊಟ್ಟ ಪರವಾನಗಿ.

ವಾಸ್ತವ: ಅದು ಸೇಡಿಗೆ ಹಾಕಿದ ಮೂಗುದಾರ. ಆದಿಕಾಂಡದ ಲೆಮೆಕ ತನ್ನ ಸೇಡು ಎಪ್ಪತ್ತೇಳು ಪಟ್ಟು ಎಂದು ಹೆಂಡಿರ ಮುಂದೆ ಜಂಬ ಕೊಚ್ಚುತ್ತಾನೆ. ಅಂಥವರ ನಡುವೆ ಒಂದಕ್ಕೆ ಒಂದೇ, ಹೆಚ್ಚಿಲ್ಲ ಎನ್ನುವುದು ಸಣ್ಣ ಮಾತಲ್ಲ. ಗುಲಾಮನ ಕಣ್ಣು ಹೋಗುವಂತೆ ಹೊಡೆದ ಧಣಿ ಅವನನ್ನು ಬಿಡುಗಡೆ ಮಾಡಬೇಕೆಂಬ ನಿಯಮವೂ ಕಣ್ಣಿಗೆ ಕಣ್ಣು ಎಂಬ ಮಾತಿರುವ ಅಧ್ಯಾಯದಲ್ಲೇ ಇದೆ.

ತಪ್ಪು ಕಲ್ಪನೆ: ಇಸ್ರಾಯೇಲ್ಯರ ನಾಯಕ ಯೆಹೋಶುವ ಕಾನಾನ್ಯರನ್ನು ನಿರ್ನಾಮ ಮಾಡಿದ್ದು ನಡೆದ ಇತಿಹಾಸ.

ವಾಸ್ತವ: 1952ರಿಂದ 1958ರವರೆಗೆ ಯೆಹೋಶುವ ಗೆದ್ದನೆನ್ನುವ ಯೆರಿಕೋವನ್ನು ಅಗೆದ ಪುರಾತತ್ವಜ್ಞೆ ಕ್ಯಾಥ್ಲೀನ್ ಕೆನ್ಯನ್ ಕಂಡಂತೆ, ಆ ಊರಿನ ಕೋಟೆ ಯೆಹೋಶುವನದೆನ್ನುವ ಕಾಲಕ್ಕಿಂತ ಶತಮಾನಗಳ ಹಿಂದೆಯೇ ಬಿದ್ದಿತ್ತು. ಅಗೆತದ ಮಾತೂ ಬೇಡ, ಪುಟ ತಿರುವಿದರೆ ಸಾಕು. ಯೆಹೋಶುವನ ಪುಸ್ತಕದಲ್ಲಿ ಉಸಿರಾಡುವ ಒಬ್ಬರೂ ಉಳಿಯದ ನಾಡಿನಲ್ಲಿ, ಮುಂದಿನ ಪುಸ್ತಕದ ಮೊದಲ ಅಧ್ಯಾಯದಲ್ಲೇ ಕಾನಾನ್ಯರು ಊರೂರಲ್ಲಿ ಆರಾಮಾಗಿದ್ದಾರೆ! ಒಬ್ಬರೂ ಉಳಿಯಲಿಲ್ಲ ಎನ್ನುವುದು ಆ ಕಾಲದ ಅರಸರು ಗೆಲುವನ್ನು ಹೇಳಿಕೊಳ್ಳುತ್ತಿದ್ದ ಧಾಟಿ. 1868ರಲ್ಲಿ ಧಿಬಾನ್‌ನಲ್ಲಿ ಬೆಳಕಿಗೆ ಬಂದ ಕಲ್ಲಿನಲ್ಲಿ ಮೋವಾಬಿನ ಅರಸ ಮೇಷ, ಇಸ್ರಾಯೇಲ್ ಎಂದೆಂದಿಗೂ ಅಳಿದುಹೋಯಿತು ಎಂದು ಕೊರೆಸಿದ್ದಾನೆ. ಊರನ್ನೇ ದೇವರಿಗೆ ಬಲಿಯೊಪ್ಪಿಸುವ ಯೆಹೋಶುವನ ಪುಸ್ತಕದ 'ಹೇರೆಮ್' ಎಂಬ ಮಾತಿನ ಧಾತು ಆ ಕಲ್ಲಿನಲ್ಲೂ ಇದೆ. ನಮ್ಮ ಶಾಸನಗಳ ಬಿರುದಾವಳಿ ಓದಿದವರಿಗೆ ಈ ಅಬ್ಬರ ಹೊಸದೇನಲ್ಲ.

ಹಾಗೆಂದು, ಎಲ್ಲ ಉತ್ಪ್ರೇಕ್ಷೆ ಎಂದು ಕೈ ತೊಳೆದುಕೊಳ್ಳುವಂತಿಲ್ಲ. 1 ಸಮುವೇಲದ 15ನೇ ಅಧ್ಯಾಯದಲ್ಲಿ ಇಸ್ರಾಯೇಲಿನ ವೈರಿಗಳಾದ ಅಮಾಲೇಕ್ಯರ ಹಾಲುಗೂಸುಗಳನ್ನೂ ಕೊಲ್ಲಬೇಕೆಂಬ ಆಜ್ಞೆ ದೇವರ ಹೆಸರಿನಲ್ಲೇ ಹೊರಡುತ್ತದೆ. ನಡೆದಿರಲಿ ಬಿಡಲಿ, ಅದನ್ನು ದೇವರ ಮಾತೆಂದು ಬರೆದಿಟ್ಟರು. ಮನಸ್ಸಿಗೆ ಒಪ್ಪುವಂತೆ ಆ ಪುಟವನ್ನು ವಿವರಿಸಿದವರನ್ನು ನಾನಿನ್ನೂ ಓದಿಲ್ಲ.

ತಪ್ಪು ಕಲ್ಪನೆ: ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಬರುವವರೆಗೆ ಕ್ರೈಸ್ತರೆಲ್ಲ ಆಯುಧ ಮುಟ್ಟದವರು.

ವಾಸ್ತವ: ಕ್ರಿ.ಶ. 197ರ ಸುಮಾರಿಗೆ ಕ್ರೈಸ್ತ ಲೇಖಕ ತೆರ್ತುಲ್ಲಿಯನ್, ನಮ್ಮವರು ಸೇನಾ ಪಾಳೆಯಗಳಲ್ಲೂ ಇದ್ದಾರೆ ಎಂದು ಹೆಮ್ಮೆಯಿಂದಲೇ ಬರೆದ; ಮುಂದೆ ಅವನೇ ಸೇನೆ ಸೇರುವುದನ್ನು ಖಂಡಿಸಿದ. 295ರಲ್ಲಿ, ಇಂದಿನ ಅಲ್ಜೀರಿಯಾದ ತೆಬೆಸ್ಸಾದಲ್ಲಿ, ಮ್ಯಾಕ್ಸಿಮಿಲಿಯನ್ ಎಂಬ 21ರ ಹುಡುಗ ತಾನು ಕ್ರೈಸ್ತ, ಸೈನಿಕನಾಗಲಾರೆ ಎಂದು ಹಟ ಹಿಡಿದ. ಚಕ್ರವರ್ತಿಯ ಬಳಿಯೇ ಕ್ರೈಸ್ತ ಸೈನಿಕರಿದ್ದಾರಲ್ಲ ಎಂದು ಅಧಿಕಾರಿ ಡಿಯೋನ್ ಕೇಳಿದ. ಅವರಿಗೆ ಯಾವುದು ಸರಿಯೋ ಅವರಿಗೆ ಗೊತ್ತು ಎಂದ ಹುಡುಗ. ಅವನ ತಲೆ ಕಡಿದರು.