ಗೋಡೆಯ ಮೇಲಿನ ನುಡಿ ಬಾಳಿಗೆ ಇಳಿಯಲಿ

ಕ್ಯಾಲೆಂಡರ್‌ನ ಕೆಳಗೆ, ಮಕ್ಕಳ ನೋಟ್ ಪುಸ್ತಕದ ಹಿಂಬದಿಯಲ್ಲಿ, ಶೋಕೇಸಿನ ಗಾಜಿನ ಮೇಲೆ - ಹೆಚ್ಚಿನ ಮನೆಗಳಲ್ಲಿ ಒಂದಲ್ಲ ಒಂದು ನುಡಿಮುತ್ತು ಇದ್ದೇ ಇರುತ್ತದೆ. ಈಗಂತೂ ಬೆಳಗಾಗುತ್ತಲೇ ಮೊಬೈಲಿಗೂ ಹತ್ತಾರು ಬಂದು ಬೀಳುತ್ತವೆ. ಓದಿ, 'ಎಷ್ಟು ಚೆನ್ನಾಗಿದೆ!' ಎಂದು ನಾಲ್ಕು ಮಂದಿಗೆ ಕಳುಹಿಸುತ್ತೇವೆ. ಚಹಾ ಕುಡಿದು ಮುಗಿಯುವಷ್ಟರಲ್ಲಿ ಅದು ಮರೆತೂ ಹೋಗಿರುತ್ತದೆ. ಕೋಪದ ಕುರಿತಾದ ಸುಂದರ ಮಾತನ್ನು ಬೆಳಿಗ್ಗೆ ಓದಿದ ತಾಯಿ, ಅರ್ಧ ಗಂಟೆಯಲ್ಲೇ ಹಾಲು ಚೆಲ್ಲಿದ ಮಗುವಿನ ಮೇಲೆ ಕೈ ಎತ್ತುತ್ತಾಳೆ. ಕೊರತೆ ನುಡಿಯಲ್ಲಿಲ್ಲ, ಅದನ್ನು ಬಳಸುವ ಬಗೆಯಲ್ಲಿದೆ.

ಒಂದೇ ನುಡಿ ಸಾಕು

ಔಷಧಿ ಅಂಗಡಿಯಲ್ಲಿ ಸಾವಿರ ಔಷಧಿಗಳಿರಬಹುದು. ರೋಗಿಗೆ ಬೇಕಾದುದು ತನ್ನ ಕಾಯಿಲೆಯದ್ದು ಮಾತ್ರ. ಆದ್ದರಿಂದ ಮೊದಲು ನಮ್ಮ ಕಾಯಿಲೆ ಯಾವುದೆಂದು ನೋಡೋಣ. ನಾಲಗೆ ಹರಿತವೇ? 'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎಂಬ ಗಾದೆ ಇದೆ. ಖರ್ಚು ಕೈಮೀರುತ್ತಿದೆಯೇ? 'ಹಾಸಿಗೆ ಇದ್ದಷ್ಟು ಕಾಲು ಚಾಚು.' ಕೆಲಸ ಮುಂದೂಡುವ ಚಾಳಿಯೇ? 'ನಾಳೆ ಎಂದವನ ಮನೆ ಹಾಳು.' ಈ ಪೈಕಿ ಒಂದನ್ನು ಮಾತ್ರ ಆರಿಸಿಕೊಂಡು ಕೆಲವು ತಿಂಗಳು ಅದನ್ನೇ ಹಿಡಿದುಕೊಳ್ಳಿ.

ನುಡಿಯಿಂದ ನಡೆಗೆ

'ಇನ್ನು ಕೋಪ ಮಾಡಬಾರದು' ಎಂಬ ಸಂಕಲ್ಪ ಹೆಚ್ಚಾಗಿ ಸೋಲುತ್ತದೆ. ಯಾವಾಗ, ಎಲ್ಲಿ, ಏನು ಮಾಡಬೇಕೆಂಬುದು ಅದರಲ್ಲಿಲ್ಲ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಇದಕ್ಕೊಂದು ಸರಳ ದಾರಿಯನ್ನು 1999ರಲ್ಲಿ ವಿವರಿಸಿದರು: 'ಹೀಗಾದಾಗ ನಾನು ಹೀಗೆ ಮಾಡುತ್ತೇನೆ' ಎಂದು ಮೊದಲೇ ನಿಶ್ಚಯಿಸಿಕೊಳ್ಳುವುದು. 2006ರಲ್ಲಿ ಇಂತಹ 94 ಪರೀಕ್ಷೆಗಳನ್ನು ಒಟ್ಟಾಗಿ ಪರಿಶೀಲಿಸಿದಾಗ, ಹೀಗೆ ನಿಶ್ಚಯಿಸಿಕೊಂಡವರು ಗುರಿ ಮುಟ್ಟುವುದು ಹೆಚ್ಚೆಂದು ಕಂಡುಬಂತು.

ನಮ್ಮ ಗಾದೆಗಳನ್ನೂ ಹೀಗೆ ಬದಲಿಸಬಹುದು. 'ಮಗ ಎದುರುತ್ತರ ಕೊಟ್ಟಾಗ, ಒಂದು ಲೋಟ ನೀರು ಕುಡಿದ ನಂತರವೇ ಬಾಯಿ ತೆರೆಯುತ್ತೇನೆ.' 'ಸಂಬಳದ ಹಣ ಕೈಗೆ ಬಂದಾಗ, ಪೇಟೆಗೆ ಹೋಗುವ ಮೊದಲು ಬಾಡಿಗೆ, ಶಾಲೆಯ ಫೀಸು, ಕರೆಂಟ್ ಬಿಲ್ಲಿನ ಹಣವನ್ನು ಬೇರೆ ಬೇರೆ ಲಕೋಟೆಯಲ್ಲಿ ಇಡುತ್ತೇನೆ.' ಇದನ್ನು ಬರೆದು, ಬೇಕಾಗುವ ಜಾಗದಲ್ಲೇ ಅಂಟಿಸಿ. ಖರ್ಚಿನದ್ದು ಬೀರುವಿನ ಬಾಗಿಲಲ್ಲಿರಲಿ, ಮಾತಿನದ್ದು ಅಡುಗೆಮನೆಯಲ್ಲಿರಲಿ.

ಒಂದು ವಾರದಲ್ಲಿ ಸ್ವಭಾವ ಬದಲಾಗಲಿಲ್ಲವೆಂದು ನಿರಾಶರಾಗಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಹೊಸ ಅಭ್ಯಾಸ ರೂಢಿಯಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, ಇನ್ನು ಕೆಲವರಿಗೆ 254 ದಿನ ಹಿಡಿಯುವ ಅಂದಾಜಿತ್ತು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸವೇನೂ ಕೆಡಲಿಲ್ಲ. ಎಡವಿದವಳು ಮರುದಿನ ಮತ್ತೆ ಆರಂಭಿಸಿದರಾಯಿತು.

ಹೇಳಿದವರು ಯಾರು?

ಮಹಾತ್ಮಾ ಗಾಂಧಿಯವರ ಹೆಸರಿನಲ್ಲಿ ಲೋಕಪ್ರಸಿದ್ಧವಾದ ಒಂದು ಮಾತಿದೆ: ಜಗತ್ತಿನಲ್ಲಿ ಬಯಸುವ ಬದಲಾವಣೆ ನೀವೇ ಆಗಬೇಕೆಂಬುದು. ಇದೇ ಆಶಯವನ್ನು ಅವರು 1913ರಲ್ಲಿ ಬರೆದಿದ್ದರೂ ಆ ಚುಟುಕು ವಾಕ್ಯ ಅವರ ಬರಹಗಳಲ್ಲಿ ಸಿಕ್ಕಿಲ್ಲ. ವಿದ್ಯೆಗಾಗಿ ಚೀನಾಕ್ಕಾದರೂ ಹೋಗಬೇಕೆಂಬ ಮಾತನ್ನು ಹದೀಸ್ ಎಂದು ಅನೇಕರು ಉದ್ಧರಿಸುತ್ತಾರೆ. ಆದರೆ ಅದರ ವರದಿ ಸರಣಿ ದುರ್ಬಲವೆಂದು ಹದೀಸ್ ವಿದ್ವಾಂಸರು ಹೇಳಿದ್ದಾರೆ. ಇಬ್ನುಲ್ ಜೌಝಿಯವರಂತೂ ಅದನ್ನು ಕೃತಕ ವರದಿಗಳ ಸಾಲಿಗೆ ಸೇರಿಸಿದ್ದಾರೆ. ವಿದ್ಯೆಯ ಮಹತ್ವ ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ಹೇಳದ ಮಾತನ್ನು ಒಬ್ಬರ ಬಾಯಿಗೆ ತುರುಕುವುದು ಸಣ್ಣ ತಪ್ಪಲ್ಲ. ಯಾರದೆಂದು ಖಾತ್ರಿಯಿಲ್ಲದಿದ್ದರೆ ಹೆಸರು ಹಾಕಿ ಕಳುಹಿಸಬೇಡಿ.

ನುಡಿ ಚಾಟಿಯಾಗದಿರಲಿ

ಒಳ್ಳೆಯ ಮಾತು ಕೆಟ್ಟ ಹೊತ್ತಿನಲ್ಲಿ ಬಂದರೆ ಗಾಯ ಮಾಡುತ್ತದೆ. ಮಗುವನ್ನು ಕಳೆದುಕೊಂಡವಳ ಎದುರು ಬೋಧನೆ ಬೇಡ. ಬಳಿಯಲ್ಲಿ ಕುಳಿತು ಕೈ ಹಿಡಿದುಕೊಳ್ಳಿ, ಒಂದು ಹೊತ್ತಿನ ಅಡುಗೆ ಮಾಡಿಕೊಡಿ. ಸೊಸೆಗೆ ಸಹನೆಯ ನುಡಿಗಳನ್ನು ಕೇಳಿಸುವ ಮನೆಗಳಲ್ಲಿ ಅದೇ ನುಡಿಗಳು ಮಗನ ಕಿವಿಗೂ ಬೀಳುತ್ತವೆಯೇ? ಹೊಡೆತ ತಿನ್ನುತ್ತಿರುವವಳಿಗೆ 'ತಾಳಿಕೋ' ಎನ್ನುವುದು ಉಪದೇಶವಲ್ಲ, ಅನ್ಯಾಯಕ್ಕೆ ಒತ್ತಾಸೆ. ಆಕೆಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾನೂನಿನ ರಕ್ಷಣೆಯಿದೆ, 181 ಮಹಿಳಾ ಸಹಾಯವಾಣಿಯಿದೆ. ಸದಾ ಮಂಕಾಗಿ, ನಿದ್ದೆ ಊಟ ಬಿಟ್ಟವರಿಗೆ ನುಡಿಮುತ್ತಿಗಿಂತ ಮೊದಲು ವೈದ್ಯರು ಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು.

ಮಕ್ಕಳ ವಿಷಯದಲ್ಲೂ ಇದೇ ಮಾತು. ನಾವು ಹೇಳಿದ ನುಡಿಯನ್ನು ಅವರು ಮರೆಯಬಹುದು, ಆದರೆ ನಮ್ಮ ನಡೆಯನ್ನು ಮರೆಯುವುದಿಲ್ಲ. ಸತ್ಯದ ಮೇಲೆ ಭಾಷಣ ಮಾಡಿದ ಅಪ್ಪ, ಬಾಗಿಲು ತಟ್ಟಿದವರಿಗೆ 'ಅಪ್ಪ ಮನೆಯಲ್ಲಿಲ್ಲ ಅಂತ ಹೇಳು' ಎಂದರೆ ಮಗು ಕಲಿಯುವುದು ಎರಡನೆಯದನ್ನೇ.

ಸಹೋದರಿಯರೇ, ಇಂದು ರಾತ್ರಿ ಅಡುಗೆಮನೆಯ ಕೆಲಸ ಮುಗಿದ ಮೇಲೆ ಐದು ನಿಮಿಷ ಕುಳಿತುಕೊಳ್ಳಿ. ನಿಮಗೆ ಬೇಕಾದ ಒಂದೇ ಒಂದು ನುಡಿಯನ್ನು ಆರಿಸಿ, ಅದರ ಕೆಳಗೆ 'ಹೀಗಾದಾಗ ಹೀಗೆ ಮಾಡುತ್ತೇನೆ' ಎಂದು ಬರೆದಿಡಿ. ಅದನ್ನು ಬೇರೆ ಯಾರಿಗೂ ಕಳುಹಿಸಬೇಕಾಗಿಲ್ಲ. ನೀವು ನಡೆದು ತೋರಿಸಿದರೆ ಅದು ಮನೆಮಂದಿಗೆಲ್ಲ ತಾನಾಗಿಯೇ ತಲುಪುತ್ತದೆ.