ಖಡ್ಗ ಮತ್ತು ಕುಲ

ಪ್ರಾಚೀನ ಧರ್ಮಶಾಸ್ತ್ರಗಳು ಸಮಾಜವನ್ನು ನಾಲ್ಕು ವರ್ಣಗಳಾಗಿ ವಿಂಗಡಿಸಿ, ಪ್ರಜಾಪಾಲನೆಯನ್ನೂ ಯುದ್ಧವನ್ನೂ ಕ್ಷತ್ರಿಯರ ಕರ್ತವ್ಯವೆಂದು ವಿಧಿಸಿದವು. ಆದರೆ ಖಡ್ಗ ಹಿಡಿದವರೆಲ್ಲರೂ ಕ್ಷತ್ರಿಯರೆನಿಸಿಕೊಂಡು ಹುಟ್ಟಿದವರಲ್ಲ. ಬೇಸಾಯಗಾರರೂ ಪಶುಪಾಲಕರೂ ದಂಡಿಗೆ ಸೇರಿ, ಭೂಮಿ ಪಡೆದು, ಕ್ರಮೇಣ ಅರಸರಾದ ನಿದರ್ಶನಗಳು ಭಾರತದ ಇತಿಹಾಸದಲ್ಲಿ ಹಲವಾರು. ಹಾಗೆ ಮೇಲೇರಿದವರಿಗೆ ಸಮಾಜವು ಯಾವ ಸ್ಥಾನವನ್ನು ನೀಡಿತು? ಮರಾಠರ ಇತಿಹಾಸವು ಈ ಪ್ರಶ್ನೆಯ ಮೇಲೆ ಬೆಳಕು ಚೆಲ್ಲುತ್ತದೆ.

ಮಹಾರಾಷ್ಟ್ರದ ಹಳ್ಳಿಗಳಲ್ಲಿ ಬೇಸಾಯವೇ ಬಹುಜನರ ಕಸುಬಾಗಿತ್ತು. ಅಹಮದನಗರ ಮತ್ತು ಬಿಜಾಪುರದ ಸುಲ್ತಾನರ ಕಾಲದಲ್ಲಿ ಅಲ್ಲಿಯ ಅನೇಕ ಮನೆತನಗಳು ಸೈನ್ಯದಲ್ಲಿ ಸೇವೆ ಸಲ್ಲಿಸಿ ಜಹಗೀರುಗಳನ್ನು ಪಡೆದವು. ಭೋಂಸಲೆ ಮನೆತನವು ಅವುಗಳಲ್ಲೊಂದು. ಬಿಜಾಪುರದ ಸೇನಾನಿಯಾಗಿದ್ದ ಷಹಜಿಗೆ ಬೆಂಗಳೂರು ಜಹಗೀರಾಗಿ ದೊರೆತಿತ್ತು. ಅವನ ಮಗನೇ ಶಿವಾಜಿ.

ಶಿವಾಜಿಯು ಕೋಟೆಗಳನ್ನು ಗೆದ್ದು ಸ್ವತಂತ್ರ ರಾಜ್ಯವನ್ನು ಕಟ್ಟಿದನು. ಆದರೂ ಶಾಸ್ತ್ರೋಕ್ತವಾದ ಪಟ್ಟಾಭಿಷೇಕಕ್ಕೆ ಕುಲದ ಪ್ರಶ್ನೆ ಅಡ್ಡಬಂದಿತು. ಕಲಿಯುಗದಲ್ಲಿ ಕ್ಷತ್ರಿಯರೇ ಉಳಿದಿಲ್ಲವೆಂಬುದು ಕೆಲವು ಪಂಡಿತರ ವಾದವಾಗಿತ್ತು. ಕಾಶಿಯ ವಿದ್ವಾಂಸ ಗಾಗಾಭಟ್ಟನು ಭೋಂಸಲೆಯವರು ಮೇವಾಡದ ಸಿಸೋದಿಯಾ ವಂಶಕ್ಕೆ ಸೇರಿದವರೆಂಬ ವಂಶಾವಳಿಯನ್ನು ಒಪ್ಪಿಕೊಂಡನು. ಬಾಲ್ಯದಲ್ಲಿ ನಡೆಯಬೇಕಾದ ಉಪನಯನವು ಶಿವಾಜಿಗೆ ನಡುವಯಸ್ಸಿನಲ್ಲಿ ನೆರವೇರಿತು. ಅನಂತರ 1674ರ ಜೂನ್ 6ರಂದು ರಾಯಗಡದಲ್ಲಿ ಪಟ್ಟಾಭಿಷೇಕವು ಜರುಗಿತು. ರಣರಂಗದಲ್ಲಿ ಜಯಶಾಲಿಯಾದ ವೀರನೂ ಮಾನ್ಯತೆಗಾಗಿ ಕುಲವನ್ನು ತೋರಿಸಬೇಕಾಯಿತು.

ವಿವಾದವು ಅಲ್ಲಿಗೆ ಮುಗಿಯಲಿಲ್ಲ. ಎರಡು ಶತಮಾನಗಳ ಬಳಿಕ, ಭೋಂಸಲೆಯವರದೇ ಆದ ಕೊಲ್ಲಾಪುರ ಸಂಸ್ಥಾನದಲ್ಲಿ ಶಾಹೂ ಮಹಾರಾಜರು ಆಳುತ್ತಿದ್ದರು. ಅವರ ಸ್ನಾನವಿಧಿಯಲ್ಲಿ ಪುರೋಹಿತನು ವೇದಮಂತ್ರಗಳನ್ನು ಬಿಟ್ಟು, ಶೂದ್ರರಿಗೆಂದು ವಿಧಿಸಿದ್ದ ಪುರಾಣೋಕ್ತ ಮಂತ್ರಗಳನ್ನು ಹೇಳುತ್ತಿದ್ದನು. ಸಿಂಹಾಸನದ ಮೇಲಿದ್ದವರಿಗೇ ಈ ಅವಮಾನವಾದರೆ ಸಾಮಾನ್ಯರ ಪಾಡೇನು?

ಮಹಾರಾಜರು ವೇದೋಕ್ತ ವಿಧಿಯ ಹಕ್ಕಿಗಾಗಿ ಹೋರಾಡಿದರು. ಆದರೆ ತಮ್ಮ ಮನೆತನದ ಗೌರವವನ್ನಷ್ಟೇ ಕಾಯ್ದುಕೊಂಡು ಸುಮ್ಮನಾಗಲಿಲ್ಲ. 1902ರಲ್ಲಿ ಸಂಸ್ಥಾನದಲ್ಲಿ ತೆರವಾಗುವ ಹುದ್ದೆಗಳ ಪೈಕಿ ಶೇಕಡ 50ರಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟರು. ಬೇರೆ ಬೇರೆ ಸಮುದಾಯಗಳ ವಿದ್ಯಾರ್ಥಿಗಳಿಗೆ ವಸತಿನಿಲಯಗಳನ್ನು ತೆರೆಯಿಸಿದರು. ಪ್ರಾಥಮಿಕ ಶಿಕ್ಷಣವನ್ನು ಉಚಿತವಾಗಿಯೂ ಕಡ್ಡಾಯವಾಗಿಯೂ ಮಾಡಿದರು. 1920ರಲ್ಲಿ ಮಾಣಗಾವ್‌ನಲ್ಲಿ ನಡೆದ ಅಸ್ಪೃಶ್ಯರ ಪರಿಷತ್ತಿಗೆ ಆಗಮಿಸಿ, ತರುಣ ಅಂಬೇಡ್ಕರರ ನಾಯಕತ್ವವನ್ನು ಮುಕ್ತಕಂಠದಿಂದ ಪ್ರಶಂಸಿಸಿದರು.

ಕಾಲ ಬದಲಾದಂತೆ ಸ್ಥಾನಮಾನದ ಅಳತೆಗೋಲೂ ಬದಲಾಯಿತು. ಪೀಳಿಗೆಯಿಂದ ಪೀಳಿಗೆಗೆ ಹೊಲಗಳು ಹಂಚಿಹೋಗಿ ಅನೇಕ ಮರಾಠ ರೈತರು ಕಷ್ಟಕ್ಕೀಡಾದರು. ಹಿಂದೆ ಕ್ಷತ್ರಿಯರೆಂಬ ಮಾನ್ಯತೆಯನ್ನು ಬಯಸಿದ ಸಮುದಾಯವೇ ಮುಂದೆ ಹಿಂದುಳಿದವರೆಂಬ ಮಾನ್ಯತೆಯನ್ನು ಕೇಳಿತು. ಅವರಿಗೆ ಮೀಸಲಾತಿ ನೀಡಿದ 2018ರ ಶಾಸನವನ್ನು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ರದ್ದುಪಡಿಸಿತು. 2024ರಲ್ಲಿ ಮಹಾರಾಷ್ಟ್ರದ ವಿಧಾನಮಂಡಲವು ಮತ್ತೊಂದು ಶಾಸನವನ್ನು ಅಂಗೀಕರಿಸಿತು.

ಕುಲದ ಮೇಲುಕೀಳು ನಿಸರ್ಗವು ಬರೆದಿಟ್ಟ ಶಾಸನವಲ್ಲ. ಅಧಿಕಾರ, ಭೂಮಿ, ವಿದ್ಯೆ ಇವುಗಳೊಡನೆ ಅದು ಬದಲಾಗುತ್ತ ಬಂದಿದೆ. ತಮಗಾದ ನೋವಿನಲ್ಲಿ ಇತರರ ನೋವನ್ನೂ ಕಂಡು ಅದರ ಪರಿಹಾರಕ್ಕೆ ತೊಡಗಿದುದೇ ಶಾಹೂ ಮಹಾರಾಜರ ನಿಜವಾದ ಹಿರಿಮೆ.